ಒಂದು ಮಾತಿನ ಹುಟ್ಟು: ‘ಲ್ಯಾಂಬೆಂಟ್’



ಚಂಚಲವಾದ ಬೆಳಕನ್ನು ಹೇಳುವುದಕ್ಕೆ ಇಂಗ್ಲಿಷ್ ಭಾಷೆಯಲ್ಲಿ ಮಾತುಗಳು ಬಹಳ. ‘ಲ್ಯಾಂಬೆಂಟ್’ ಎಂಬುದು ಅವುಗಳಲ್ಲೊಂದು. ದಿನದ ಮಾತಿನಲ್ಲಿ ಇದು ಕಿವಿಗೆ ಬೀಳುವುದು ಅಪೂರ್ವ; ಕಾವ್ಯದಲ್ಲಿಯೂ ಪ್ರೌಢವಾದ ಗದ್ಯದಲ್ಲಿಯೂ ಕಾಣಸಿಗುತ್ತದೆ. ಅಲ್ಲಿ ಇದನ್ನು ಕಂಡ ವಿದ್ಯಾರ್ಥಿಯು ನಿಘಂಟನ್ನು ತೆರೆದು, ಮಿನುಗುವ, ಹೊಳೆಯುವ ಎಂದು ಅಂಚಿನಲ್ಲಿ ಬರೆದುಕೊಂಡು ಮುಂದಕ್ಕೆ ಹೋಗುತ್ತಾನೆ. ಅರ್ಥವೇನೋ ತಪ್ಪಲ್ಲ. ಆದರೆ ಆ ಮಾತಿನ ಒಳಗೆ ಒಂದು ಚಿತ್ರವುಂಟು. ಅದು ಅವನ ಕೈಗೆ ಸಿಕ್ಕುವುದಿಲ್ಲ. ಇಂಗ್ಲಿಷಿನಿಂದ ಕನ್ನಡಕ್ಕೆ ಗ್ರಂಥಗಳನ್ನು ತರುವವರಿಗೆ ಈ ನಷ್ಟವು ಸಣ್ಣದಲ್ಲ. ಆದುದರಿಂದ ಈ ಒಂದು ಮಾತಿನ ಹುಟ್ಟನ್ನೂ ನಡೆಯನ್ನೂ ಇಂದು ನಾವು ಸ್ವಲ್ಪ ವಿಚಾರಿಸೋಣ.

ಮೊದಲು ಎರಡು ಭ್ರಮೆಗಳನ್ನು ಕಳೆದುಕೊಳ್ಳಬೇಕು. ‘ಲ್ಯಾಂಪ್’ ಎಂದರೆ ದೀಪ. ಲ್ಯಾಂಬೆಂಟ್ ಎಂಬುದೂ ಬೆಳಕಿನ ಮಾತು. ಆದುದರಿಂದ ಇವೆರಡೂ ಒಂದೇ ಕುಲದವು ಎಂದು ಯಾರಿಗಾದರೂ ತೋರಬಹುದು. ಹಾಗಲ್ಲ. ‘ಲ್ಯಾಂಪ್’ ಎಂಬುದು ಹೊಳೆ ಎಂಬ ಅರ್ಥದ ಗ್ರೀಕ್ ಧಾತುವಿನಿಂದ ಬಂದುದು. ನಮ್ಮ ಹಳ್ಳಿಗಳಲ್ಲಿ ಬಹುಕಾಲ ಬೆಳಗಿದ ಲಾಟೀನು, ಲಾಂದ್ರಗಳ ಹೆಸರೂ ಯೂರೋಪಿನ ಭಾಷೆಗಳ ಮೂಲಕ ಕೊನೆಗೆ ಆ ಧಾತುವಿಗೇ ಹೋಗಿ ಮುಟ್ಟುತ್ತದೆ. ಲ್ಯಾಂಬೆಂಟಿಗೆ ಆ ನಂಟಿಲ್ಲ. ಇನ್ನು ಸಂಸ್ಕೃತ ಬಲ್ಲವರಿಗೆ, ಲಂಬ, ಆಲಂಬನ ಎಂಬವುಗಳ ನೆನಪಾದೀತು. ಅವು ತೂಗುವುದನ್ನೂ ಜೋಲುವುದನ್ನೂ ಹೇಳುವ ಮಾತುಗಳು; ಅವುಗಳಿಗೂ ಇದಕ್ಕೂ ಸಂಬಂಧವಿಲ್ಲ. ಕಿವಿಗೆ ಒಂದಾಗಿ ಕೇಳಿದುದೆಲ್ಲ ಒಂದೇ ಬಳ್ಳಿಯ ಕಾಯಲ್ಲ.

ಹಾಗಾದರೆ ಇದರ ಮೂಲವೇನು? ಲ್ಯಾಟಿನ್ ಭಾಷೆಯಲ್ಲಿ ‘ಲಾಂಬೆರೆ’ ಎಂದು ಒಂದು ಕ್ರಿಯಾಪದವಿದೆ. ನೆಕ್ಕುವುದು ಎಂದು ಅದರ ಅರ್ಥ. ನೆಕ್ಕುತ್ತಿರುವ ಎಂಬ ಅದರ ಕೃದಂತ ರೂಪವೇ ಇಂಗ್ಲಿಷಿನಲ್ಲಿ ಲ್ಯಾಂಬೆಂಟ್ ಆಯಿತು. ಬೆಕ್ಕು ಹಾಲನ್ನು ಲೊಚಲೊಚನೆ ನೆಕ್ಕುವುದಕ್ಕೆ ಇಂಗ್ಲಿಷಿನಲ್ಲಿ ‘ಲ್ಯಾಪ್’ ಎನ್ನುತ್ತಾರಷ್ಟೆ. ಅದು ಇದರ ದಾಯಾದಿ. ‘ಲಿಕ್’ ಎಂಬ ಇನ್ನೊಂದು ಇಂಗ್ಲಿಷ್ ಮಾತು ಬೇರೆ ಮನೆಯದು. ಅದಕ್ಕೆ ಸಂಸ್ಕೃತದ ‘ಲಿಹ್’ ಧಾತು ಹತ್ತಿರದ ಬಂಧು. ನೆಕ್ಕಿ ತಿನ್ನುವ ಔಷಧಕ್ಕೆ ನಾವು ಲೇಹ್ಯವೆನ್ನುವುದು ಈ ಧಾತುವಿನಿಂದಲೇ. ಹೀಗೆ ಬೆಳಕಿನ ಒಂದು ಮಾತನ್ನು ಅಗೆದು ನೋಡಿದರೆ ಅಡಿಯಲ್ಲಿ ಸಿಕ್ಕುವುದು ಬೆಳಕಲ್ಲ, ನಾಲಗೆ.

ನಾಲಗೆಯು ಬೆಳಕಾದುದು ಹೇಗೆಂಬುದಕ್ಕೆ ರೋಮಿನ ಮಹಾಕವಿ ವರ್ಜಿಲನ ‘ಈನೀಡ್’ ಕಾವ್ಯದ ಎರಡನೆಯ ಕಾಂಡವನ್ನು ನೋಡಬೇಕು. ಗ್ರೀಕರು ಟ್ರಾಯ್ ಪಟ್ಟಣವನ್ನು ಹೊಕ್ಕು ಉರಿಯಿಟ್ಟಿದ್ದಾರೆ. ವೀರನಾದ ಈನಿಯಸನು ತನ್ನ ಮುದಿತಂದೆ ಆಂಕೈಸಿಸನನ್ನು ಕರೆದುಕೊಂಡು ಹೊರಡಬೇಕೆಂದಿದ್ದಾನೆ. ಮುದುಕನು ಒಪ್ಪುವುದಿಲ್ಲ, ಊರಿನೊಡನೆ ತಾನೂ ಅಳಿಯುವೆನೆಂದು ಹಟ ಹಿಡಿದಿದ್ದಾನೆ. ಆ ಹೊತ್ತಿನಲ್ಲಿ ಈನಿಯಸನ ಚಿಕ್ಕ ಮಗನ ತಲೆಯ ಮೇಲೆ ಒಂದು ಸಣ್ಣ ಉರಿ ಕಾಣಿಸಿಕೊಳ್ಳುತ್ತದೆ. ಅದು ಮಗುವಿನ ಕೂದಲನ್ನು ಮೆಲ್ಲನೆ ನೆಕ್ಕುತ್ತದೆ, ಹಣೆಯ ಸುತ್ತ ಮೇಯುತ್ತದೆ, ಸುಡುವುದಿಲ್ಲ. ಹೆತ್ತವರು ಬೆದರಿ ನೀರು ಹುಯ್ದು ಆರಿಸಲು ನೋಡುತ್ತಾರೆ. ಮುದುಕನು ಮಾತ್ರ ಅದು ದೈವದ ಗುರುತೆಂದು ತಿಳಿದು ಕೈಯೆತ್ತಿ ಪ್ರಾರ್ಥಿಸುತ್ತಾನೆ. ಗುಡುಗು ಕೇಳುತ್ತದೆ, ಆಕಾಶದಿಂದ ನಕ್ಷತ್ರವೊಂದು ಜಾರುತ್ತದೆ. ಅವನು ಹೊರಡಲು ಒಪ್ಪುತ್ತಾನೆ. ಹೊರಗೆ ಊರನ್ನು ನುಂಗುವ ಉರಿ, ಒಳಗೆ ಮಗುವನ್ನು ಮುದ್ದಿಸುವ ಉರಿ. ನೆಕ್ಕುವುದು, ಮೇಯುವುದು ಎಂಬ ಎರಡು ಕ್ರಿಯೆಗಳನ್ನು ಕವಿಯು ಜ್ವಾಲೆಗೆ ಕೊಟ್ಟುದರಿಂದ ಅದು ಸಾಧುವಾದ ಹಸುವಿನಂತೆ ತೋರುತ್ತದೆ. ಇದೇ ಕಾಂಡದಲ್ಲಿ, ಸ್ವಲ್ಪ ಹಿಂದೆ, ಲಾವೊಕೋವನ್ ಎಂಬ ಅರ್ಚಕನನ್ನೂ ಅವನ ಮಕ್ಕಳನ್ನೂ ಕೊಲ್ಲುವುದಕ್ಕೆ ಸಮುದ್ರದಿಂದ ಬಂದ ಎರಡು ಹಾವುಗಳು ಬುಸುಗುಟ್ಟುತ್ತ ತಮ್ಮ ಬಾಯನ್ನು ನೆಕ್ಕಿಕೊಂಡಾಗಲೂ ವರ್ಜಿಲನು ಬಳಸಿದ ಕ್ರಿಯಾಪದ ಇದೇ ಎಂಬುದು ಗಮನಿಸತಕ್ಕ ಸಂಗತಿ. ಮಾತು ಒಂದೇ, ನಾಲಗೆಯ ಸ್ವಭಾವ ಎರಡು.

ಇಂಗ್ಲಿಷ್ ಭಾಷೆಯು ಇವೆರಡರಲ್ಲಿ ಸೌಮ್ಯವಾದುದನ್ನು ಆರಿಸಿಕೊಂಡಿತು. 17ನೆಯ ಶತಮಾನದ ನಡುವೆ, 1647ರ ಹೊತ್ತಿಗೆ, ಈ ಮಾತು ಇಂಗ್ಲಿಷ್ ಬರೆಹದಲ್ಲಿ ಕಾಣಿಸಿಕೊಂಡಿತು. ಆ ಕಾಲದ ವಿದ್ಯಾವಂತರಿಗೆ ವರ್ಜಿಲನು ಬಾಲ್ಯದ ಪಾಠವಾಗಿದ್ದನು. ಮಾತನ್ನು ಕೇಳಿದೊಡನೆ ಮಗುವಿನ ತಲೆಯ ಉರಿ ಕಣ್ಣಿಗೆ ಕಟ್ಟುತ್ತಿದ್ದಿತು. 1682ರಲ್ಲಿ ಅಚ್ಚಾದ ‘ಮ್ಯಾಕ್ ಫ್ಲೆಕ್ನೋ’ ಎಂಬ ವಿಡಂಬನ ಕಾವ್ಯದಲ್ಲಿ ಡ್ರೈಡನ್ ಕವಿಯು ಇದನ್ನೇ ನೆಚ್ಚಿ ಹಾಸ್ಯಮಾಡಿದನು: ತನ್ನ ಎದುರಾಳಿಯ ಮುಖದ ಸುತ್ತ ಆಡಿದುದು ತೇಜಸ್ಸಲ್ಲ, ಮಂಕುತನ ಎಂದು ಹೇಳಿ, ಆ ಮಂಕುತನಕ್ಕೆ ಈ ವಿಶೇಷಣವನ್ನು ಹಚ್ಚಿದನು. ಮೂಲದ ಚಿತ್ರವನ್ನು ಬಲ್ಲವನಿಗೆ ಮಾತ್ರ ಇಲ್ಲಿ ನಗು ಬರುತ್ತದೆ. ಮುಂದೆ ಈ ಮಾತು ಜ್ವಾಲೆಯನ್ನು ಬಿಟ್ಟು ಕಣ್ಣಿನ ಕಾಂತಿಗೂ, ಆಕಾಶದ ಮೃದುವಾದ ಬೆಳಕಿಗೂ, ಕೊನೆಗೆ ಯಾರನ್ನೂ ನೋಯಿಸದೆ ವಿಷಯದ ಮೇಲೆ ಹಗುರಾಗಿ ಹರಿದಾಡುವ ಚತುರೋಕ್ತಿಗೂ ಸಲ್ಲತೊಡಗಿತು.

ಇದರ ಒಡನಾಡಿಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಭೇದವು ಇನ್ನೂ ಸ್ಪಷ್ಟವಾಗುತ್ತದೆ. ‘ಫ್ಲಿಕರ್’ ಎಂಬುದು ಹಳೆಯ ಇಂಗ್ಲಿಷಿನಲ್ಲಿ ಹಕ್ಕಿಯು ರೆಕ್ಕೆ ಬಡಿಯುವುದನ್ನು ಹೇಳುತ್ತಿದ್ದಿತು. ‘ಸಿಂಟಿಲೇಟ್’ ಎಂಬುದರ ಮೂಲ ಕಿಡಿ. ‘ಟ್ವಿಂಕಲ್’ ಎಂಬುದು ಕಣ್ಣು ಮಿಟುಕಿಸುವುದಕ್ಕೂ ನಕ್ಷತ್ರ ಮಿನುಗುವುದಕ್ಕೂ ಸಲ್ಲುತ್ತದೆ. ರೆಕ್ಕೆ, ಕಿಡಿ, ಕಣ್ಣು, ನಾಲಗೆ: ನಾಲ್ಕು ಬೆಳಕಿಗೆ ನಾಲ್ಕು ಚಿತ್ರಗಳು. ನಾಲ್ಕನ್ನೂ ಮಿನುಗು ಎಂದುಬಿಟ್ಟರೆ ನಾವು ನಾಲ್ಕು ನಾಣ್ಯಗಳನ್ನು ಕೊಟ್ಟು ಒಂದನ್ನು ಪಡೆದಂತಾಗುತ್ತದೆ.

ಜ್ವಾಲೆಗೆ ನಾಲಗೆಯ ಆಕಾರವಾದರೂ ಏಕೆ ಬಂದಿತು? ಕಾದ ಗಾಳಿಯು ಹಗುರಾಗಿ ಮೇಲೇರುತ್ತದೆ. ಅದರ ಎಡೆಗೆ ಕೆಳಗಿನಿಂದ ತಣ್ಣನೆಯ ಗಾಳಿ ನುಗ್ಗುತ್ತದೆ. ಈ ಪ್ರವಾಹವೇ ಉರಿಯನ್ನು ಮೇಲಕ್ಕೆ ಎಳೆದು ತುದಿಯನ್ನು ಚೂಪುಮಾಡುತ್ತದೆ, ಅಲುಗಾಡಿಸುತ್ತದೆ. 1992ರಲ್ಲಿ ಅಮೆರಿಕದ ಕೊಲಂಬಿಯಾ ಎಂಬ ಅಂತರಿಕ್ಷನೌಕೆಯಲ್ಲಿ, ತೂಕವೇ ತೋರದ ಸ್ಥಿತಿಯಲ್ಲಿ, ಮೇಣದ ಬತ್ತಿಯನ್ನು ಹೊತ್ತಿಸಿ ನೋಡಿದರು. ಅಲ್ಲಿ ಕಾದ ಗಾಳಿ ಮೇಲೇರುವಂತಿಲ್ಲ. ಉರಿಯು ನೀಲಿಯಾಗಿ ದುಂಡಗೆ ನಿಂತಿತು. ನಾಲಗೆಯು ಭೂಮಿಯ ಮೇಲಣ ಬೆಂಕಿಗೆ ಮಾತ್ರ ಸಂದ ಭಾಗ್ಯವೆನ್ನಬೇಕು.

ಭೂಮಿಯ ಮೇಲಿರುವ ನಮಗೂ ಈ ಚಿತ್ರ ಹೊಸದಲ್ಲ. ಮುಂಡಕೋಪನಿಷತ್ತು ಅಗ್ನಿಗೆ ಏಳು ನಾಲಗೆಗಳನ್ನು ಹೆಸರಿಸುತ್ತದೆ. ಅವುಗಳಲ್ಲಿ ಕಿಡಿಗಳುಳ್ಳದ್ದು ಸ್ಫುಲಿಂಗಿನೀ. ಭಗವದ್ಗೀತೆಯ ವಿಶ್ವರೂಪವು ಉರಿಯುವ ಬಾಯಿಗಳಿಂದ ಲೋಕಗಳನ್ನೆಲ್ಲ ನೆಕ್ಕುತ್ತದೆ. ಕನ್ನಡದಲ್ಲಿಯಂತೂ ‘ಕೆನ್ನಾಲಗೆ’ ಎಂಬ ಸೊಗಸಾದ ಮಾತು ಇದೆ. ಆದರೆ ಕೆನ್ನಾಲಗೆ ಚಾಚಿದ ಬೆಂಕಿಯು ಕಣಜವನ್ನೋ ಕಾಡನ್ನೋ ನುಂಗದೆ ಬಿಡುವುದಿಲ್ಲ. ಅದು ಹಾವಿನ ನಾಲಗೆಗೆ ಹತ್ತಿರ. ಲ್ಯಾಂಬೆಂಟಿನದು ಈದ ಹಸುವು ಕರುವಿನ ಮೈಯನ್ನು ನೆಕ್ಕುವ ನಾಲಗೆ. ಆ ಪ್ರೀತಿಗೆ ನಮ್ಮಲ್ಲಿ ಹೆಸರಿದೆ: ವತ್ಸವೆಂದರೆ ಕರು, ಅದರಿಂದ ವಾತ್ಸಲ್ಯ.

ಆದುದರಿಂದ ಭಾಷಾಂತರಕಾರನು ಕೆನ್ನಾಲಗೆಯನ್ನು ಇಲ್ಲಿ ತಂದರೆ ಅರ್ಥವು ತಲೆಕೆಳಗಾಗುತ್ತದೆ. ಹೊಸದಾಗಿ ಒಂದು ಸಂಸ್ಕೃತ ಸಮಾಸವನ್ನು ಕಟ್ಟಿದರೆ ಓದುವವನಿಗೆ ಇನ್ನೊಂದು ನಿಘಂಟು ಬೇಕಾಗುತ್ತದೆ. ನಮಗೆ ತೋರುವಂತೆ, ‘ಸವರು’, ‘ನೇವರಿಸು’ ಎಂಬ ಮನೆಯ ಮಾತುಗಳೇ ಇದಕ್ಕೆ ಸಾಕು. ನೀರಿನ ಮೈಯನ್ನು ಸವರುವ ಬೆಳದಿಂಗಳು, ಗೋಡೆಯನ್ನು ನೇವರಿಸುವ ದೀಪದ ಬೆಳಕು, ನೆಕ್ಕಿಯೂ ಸುಡದ ಉರಿ, ಮೈ ಸವರಿ ಹೋಗುವ ಹಾಸ್ಯ ಎಂದರೆ ಯಾರಿಗೆ ತಿಳಿಯದು? ಎಲ್ಲ ಕಡೆಗೂ ಒಂದೇ ಮಾತು ಹೊಂದದೆಂಬುದು ನಿಜ. ಬೆಳಕು ಏನನ್ನು ಮುಟ್ಟುತ್ತಿದೆ, ಮುಟ್ಟಿಸಿಕೊಂಡುದಕ್ಕೆ ನೋವಾಗಿದೆಯೇ ಇಲ್ಲವೇ ಎಂದು ಬರೆಯುವವನು ಪ್ರತಿಸಲವೂ ಕೇಳಿಕೊಳ್ಳಬೇಕು.

ಈಗ ಮನೆಗಳಲ್ಲಿ ವಿದ್ಯುದ್ದೀಪವು ಅಲುಗದೆ ಬೆಳಗುತ್ತದೆ. ಅದರಿಂದ ಉಪಕಾರವೇ ಹೊರತು ಅಪಕಾರವಿಲ್ಲ. ಆದರೆ ಆ ದೀಪಕ್ಕೆ ನಾಲಗೆಯಿಲ್ಲ. ಎಣ್ಣೆಯ ದೀಪವು ದೇವರ ಗೂಡಿನಲ್ಲಿಯೂ ಕಾರ್ತಿಕದ ಸಾಲಿನಲ್ಲಿಯೂ ಮಾತ್ರ ಉಳಿದರೆ, ಉರಿಯನ್ನು ನೋಡಿ ಹುಟ್ಟಿದ ಮಾತುಗಳು ಮುಂದಿನವರಿಗೆ ಬರಿಯ ಅಕ್ಷರಗಳಾದಾವು. ಮಕ್ಕಳಿಗೆ ಇಂತಹ ಮಾತನ್ನು ಕಲಿಸುವ ಉಪಾಧ್ಯಾಯರು ನಿಘಂಟಿಗೆ ಮೊದಲು ಒಂದು ಹಣತೆಯನ್ನು ಹಚ್ಚಿ ತೋರಿಸಲಿ. ಅರ್ಥವು ತಾನಾಗಿ ಹಿಂದೆ ಬರುವುದು.