ಮನೆಗೆ ಮರಳಿದ ಕುಂಬಾರ



ಭಯದ ಚಿತ್ರವೆಂದರೆ ಕಿರುಗುಟ್ಟುವ ಬಾಗಿಲು, ಬಿಳಿ ಸೀರೆ, ಗೆಜ್ಜೆಯ ಸದ್ದು ಎಂದೇ ನಮ್ಮಲ್ಲಿ ಅನೇಕರ ತಿಳಿವಳಿಕೆ. ಇವು ಯಾವುವೂ ಇಲ್ಲದ ಒಂದು ಚಿತ್ರದ ಬಗ್ಗೆ ಈ ಹೊತ್ತು ನಾಲ್ಕು ಮಾತು ಹೇಳಬಯಸುತ್ತೇನೆ. ಜಪಾನಿನ ಕೆಂಜಿ ಮಿಜೋಗುಚಿ ನಿರ್ದೇಶಿಸಿದ 'ಉಗೆತ್ಸು ಮೊನೊಗತಾರಿ' ಅದು. 1953ರಲ್ಲಿ ವೆನಿಸ್ ಚಿತ್ರೋತ್ಸವದ ಬೆಳ್ಳಿ ಸಿಂಹ ಪ್ರಶಸ್ತಿ ಪಡೆಯಿತು.

ಹದಿನಾರನೆಯ ಶತಮಾನದ ಅಂತರ್ಯುದ್ಧದ ಕಾಲ. ಬಿವಾ ಸರೋವರದ ಬಳಿಯ ಹಳ್ಳಿಯ ಕುಂಬಾರ ಗೆಂಜುರೊ, ಮಡಕೆ ಮಾರಿ ಹಣ ಮಾಡುವ ಆಸೆಯಿಂದ ಹೆಂಡತಿ ಮಿಯಾಗಿಯನ್ನೂ ಎಳೆಯ ಮಗನನ್ನೂ ಬಿಟ್ಟು ಪಟ್ಟಣ ಸೇರುತ್ತಾನೆ. ಅಲ್ಲಿ ವಕಾಸಾ ಎಂಬ ಸಿರಿವಂತೆಯ ಮೋಹಕ್ಕೆ ಸಿಲುಕುತ್ತಾನೆ. ಅವಳು ಪ್ರೇತ. ಆದರೆ ನನಗೆ ಆ ಭಾಗಕ್ಕಿಂತ ಮಿಗಿಲೆನಿಸುವುದು ಅವನು ಊರಿಗೆ ಮರಳುವ ದೃಶ್ಯ.

ರಾತ್ರಿ. ಗೆಂಜುರೊ ಹೆಂಡತಿಯನ್ನು ಕೂಗುತ್ತ ಒಳಗೆ ಬರುತ್ತಾನೆ. ಮನೆಯೆಲ್ಲ ಕತ್ತಲು, ಒಲೆ ತಣ್ಣಗಿದೆ. ಹಿಂಬಾಗಿಲಿನಿಂದ ಹೊರಟು ಮನೆಯನ್ನು ಸುತ್ತಿ ಬರುತ್ತಾನೆ. ಕ್ಯಾಮೆರಾ ಒಳಗೇ ಉಳಿದು, ಕಿಟಕಿಗಳ ಮೂಲಕ ಅವನನ್ನು ಹಿಂಬಾಲಿಸುತ್ತ ನಿಧಾನವಾಗಿ ತಿರುಗುತ್ತದೆ. ಮತ್ತೆ ಒಲೆಯತ್ತ ಬಂದಾಗ ಬೆಂಕಿ ಉರಿಯುತ್ತಿದೆ, ಮಿಯಾಗಿ ಅದರ ಮುಂದೆ ಕುಳಿತಿದ್ದಾಳೆ! ನಡುವೆ ಒಂದೂ ಕಟ್ ಇಲ್ಲ. ಛಾಯಾಗ್ರಾಹಕ ಕಜುವೊ ಮಿಯಾಗಾವಾ. ನಾವು ಟೆಲಿವಿಷನ್ನಿನವರಾದರೆ ಇಲ್ಲಿ ನಾಲ್ಕು ಕಟ್ ಕೊಟ್ಟು, ಮೇಲೊಂದು ನಗಾರಿ ಬಾರಿಸುತ್ತಿದ್ದೆವು.

ಸೈನಿಕರು ಅವಳನ್ನು ಈಟಿಯಿಂದ ತಿವಿದದ್ದನ್ನು ನಾವು ಮೊದಲೇ ನೋಡಿರುತ್ತೇವೆ. ಗೊತ್ತಿಲ್ಲದವನು ಗೆಂಜುರೊ ಒಬ್ಬನೇ. ಆದರೂ ದೃಶ್ಯ ಕತ್ತರಿಸಿಲ್ಲವಾದ್ದರಿಂದ, ಬದುಕಿದಳೇನೋ ಎಂದು ನಾವೂ ಆಸೆಪಡುತ್ತೇವೆ. ಅವರಿಬ್ಬರೂ ಮಲಗಿದ ಮೇಲೆ ಅವಳು ಬಟ್ಟೆ ಹೊಲಿಯುತ್ತ ಕೂರುತ್ತಾಳೆ. ಬೆಳಗಾದಾಗ ಊರ ಮುಖ್ಯಸ್ಥ ಬಂದು ನಿಜ ಹೇಳುತ್ತಾನೆ. ಪ್ರೇತವನ್ನು ಕಂಡಾಗ ಹುಟ್ಟದ ನಡುಕ, ಅವಳಿಲ್ಲದ ಆ ಬೆಳಕಿನಲ್ಲಿ ಹುಟ್ಟುತ್ತದೆ.

ಇದು ಬರಿಯ ಕಟ್ಟುಕಥೆಯೇ? ವಿಜ್ಞಾನ ಓದಿದ ನನಗೂ ಈ ಪ್ರಶ್ನೆ ಬಂದಿತ್ತು. ವೈದ್ಯ ಡೆವಿ ರೀಸ್ 1971ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ವೇಲ್ಸ್‌ನಲ್ಲಿ ಬಾಳಸಂಗಾತಿಯನ್ನು ಕಳೆದುಕೊಂಡ 293 ಮಂದಿಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ, ತೀರಿಕೊಂಡವರು ಹತ್ತಿರವಿದ್ದಂತೆ, ಕಂಡಂತೆ, ಮಾತಾಡಿದಂತೆ ಅನುಭವವಾಗಿತ್ತು. ಅನೇಕರಿಗೆ ಅದರಿಂದ ನೆಮ್ಮದಿಯೇ ಸಿಕ್ಕಿತ್ತು. ಬಹುಪಾಲು ಜನ ಯಾರೊಡನೆಯೂ ಹೇಳಿಕೊಂಡಿರಲಿಲ್ಲ. ನಿಮ್ಮ ಅಜ್ಜಿ "ನಿಮ್ಮ ತಾತ ರಾತ್ರಿ ಬಂದಿದ್ದರು" ಎಂದರೆ ನಗಬೇಡಿ, ಏನೆಂದರು ಎಂದು ಕೇಳಿ.

ಚಿತ್ರದ ಕೊನೆಗೆ ಗೆಂಜುರೊ ತಿಗರಿಯ ಮುಂದೆ ಕುಳಿತಿದ್ದಾನೆ. ಮಿಯಾಗಿಯ ದನಿ ಮಾತ್ರ ಕೇಳಿಸುತ್ತದೆ. ಮಗ ತನಗೆ ಬಡಿಸಿದ ಊಟವನ್ನು ಅಮ್ಮನ ಸಮಾಧಿಯ ಮುಂದಿಡುತ್ತಾನೆ. ಕ್ಯಾಮೆರಾ ಮೆಲ್ಲನೆ ಮೇಲೇರಿ ಆಚೆಯ ಹೊಲವನ್ನು ತೋರಿಸುತ್ತದೆ.