ಕಾಗದದ ಮೇಲೆ ಬಣ್ಣದ ಓಟ

ಆಳಂದ, ಅಫಜಲಪುರ, ಜೇವರ್ಗಿಗಳ ಎರೆಭೂಮಿಯಲ್ಲಿ ಬೆಳೆಯುವ ತೊಗರಿಯ ಬೇಳೆಗೆ ಹುಟ್ಟಿನಿಂದಲೇ ಹಳದಿ ಬಣ್ಣವುಂಟು. ಆ ಬಣ್ಣ ಇನ್ನಷ್ಟು ಹೊಳೆಯಲೆಂದು ಪೇಟೆಯಲ್ಲಿ ಕೆಲವರು ಬೇಳೆಗೆ ಮೆಟಾನಿಲ್ ಯೆಲ್ಲೋ ಎಂಬ ರಂಗನ್ನು ಬೆರೆಸುವುದುಂಟು. ಆಹಾರದಲ್ಲಿ ಅದು ನಿಷಿದ್ಧ. ಬೇಳೆ ತೊಳೆದ ನೀರು ಗಾಢ ಹಳದಿಯಾದರೆ ಗೃಹಿಣಿಗೆ ಸಂಶಯ ಬರುತ್ತದೆ. ಆ ಸಂಶಯವನ್ನು ಪರೀಕ್ಷಿಸಿ ನೋಡಲು ರಸಾಯನಶಾಸ್ತ್ರದ ವಿದ್ಯಾರ್ಥಿಗೆ ಒಂದು ಸೋಸುಕಾಗದದ ಪಟ್ಟಿ ನೆರವಾಗುತ್ತದೆ.

ಈ ವಿಧಾನದ ಹೆಸರು ಕಾಗದದ ಕ್ರೊಮೆಟೋಗ್ರಫಿ. ಇಂಗ್ಲೆಂಡಿನಲ್ಲಿ ಮಾರ್ಟಿನ್ ಮತ್ತು ಅವರ ಸಂಗಡಿಗರು ಇದನ್ನು 1944ರಲ್ಲಿ ಪ್ರಕಟಿಸಿದರು. ಪಟ್ಟಿಯ ಕೆಳಅಂಚಿನಿಂದ 2 ಸೆಂಟಿಮೀಟರ್ ಮೇಲೆ ಪೆನ್ಸಿಲಿನಿಂದ ಗೆರೆ ಎಳೆಯಬೇಕು. ಶಾಯಿ ಕೂಡದು, ಏಕೆಂದರೆ ಶಾಯಿಯೂ ಓಡತೊಡಗುತ್ತದೆ. ಬೇಳೆಯಿಂದ ಬಿಡಿಸಿದ ಬಣ್ಣವನ್ನು ಗೆರೆಯ ಮೇಲೆ ಸಣ್ಣ ಚುಕ್ಕೆಯಾಗಿಟ್ಟು, ಗೆರೆ ಮುಳುಗದಂತೆ ಪಟ್ಟಿಯ ತುದಿಯನ್ನು ದ್ರಾವಕದಲ್ಲಿ ಅದ್ದಬೇಕು. ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ದ್ರಾವಕ ಏರುತ್ತದೆ. ಕಾಗದ ಹಿಡಿದಿಟ್ಟ ನೀರಿಗೆ ಒಲಿದ ಬಣ್ಣ ಹಿಂದುಳಿಯುತ್ತದೆ. ಚಲಿಸುವ ದ್ರಾವಕಕ್ಕೆ ಒಲಿದದ್ದು ಮುಂದೆ ಸಾಗುತ್ತದೆ. ಪಟ್ಟಿಯನ್ನು ಹೊರತೆಗೆದ ಕೂಡಲೆ, ಆರುವ ಮುನ್ನ, ದ್ರಾವಕ ಮುಟ್ಟಿದ ಎಲ್ಲೆಯನ್ನು ಗುರುತಿಸಬೇಕು.

ಈಗ ಲೆಕ್ಕ. ಚುಕ್ಕೆಯ ನಡುವಿನವರೆಗಿನ ದೂರವನ್ನು ದ್ರಾವಕದ ಎಲ್ಲೆಯವರೆಗಿನ ದೂರದಿಂದ ಭಾಗಿಸಿದರೆ ಬರುವುದೇ ಆರ್.ಎಫ್. ಅಂಕ. ಎರಡೂ ದೂರಗಳನ್ನು ಪೆನ್ಸಿಲ್ ಗೆರೆಯಿಂದಲೇ ಅಳೆಯಬೇಕು. ಚುಕ್ಕೆ 5.6 ಸೆಂಟಿಮೀಟರ್, ದ್ರಾವಕ 8 ಸೆಂಟಿಮೀಟರ್ ಸಾಗಿದೆಯೆನ್ನಿ, ಅಂಕ 0.70. ಮರೆತು ಕಾಗದದ ಅಂಚಿನಿಂದ ಅಳೆದರೆ 7.6ನ್ನು 10ರಿಂದ ಭಾಗಿಸಿದಂತಾಗಿ 0.76 ಬರುತ್ತದೆ. ಬಣ್ಣ ಅದೇ, ಆದರೆ ಉತ್ತರ ತಪ್ಪು. ಈ ಅಂಕಕ್ಕೆ ಮಾನವಿಲ್ಲ. ಅದು ಒಂದನ್ನು ಮೀರುವಂತೆಯೂ ಇಲ್ಲ.

ಆದರೆ ವಿದ್ಯಾರ್ಥಿ ಮಿತ್ರರೇ, ಪುಸ್ತಕದಲ್ಲಿ 0.70 ಎಂದಿದೆ, ನನಗೂ 0.70 ಬಂದಿದೆ ಎಂದು ತೀರ್ಪು ಕೊಡಬೇಡಿ. ಕಾಗದ, ದ್ರಾವಕ, ಉಷ್ಣತೆ ಬದಲಾದರೆ ಅಂಕವೂ ಬದಲಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ. ವಿ. ಗಿರಿಯವರೂ ಅವರ ಸಂಗಡಿಗರೂ 1950ರ ದಶಕದ ಆರಂಭದಲ್ಲಿ ಪಟ್ಟಿಯ ಬದಲು ವೃತ್ತಾಕಾರದ ಕಾಗದವನ್ನು ಬಳಸುವ ವಿಧಾನವನ್ನು ಬೆಳೆಸಿದರು. ಅಲ್ಲಿ ಪದಾರ್ಥಗಳು ಉಂಗುರಗಳಾಗಿ ಹರಡುತ್ತವೆ. ಅದೇ ಪದಾರ್ಥಕ್ಕೆ ಪಟ್ಟಿಯಲ್ಲಿ ಬರುವುದಕ್ಕಿಂತ ದೊಡ್ಡ ಅಂಕ ಬರುತ್ತದೆ.

ಆದುದರಿಂದ ಶುದ್ಧ ಮೆಟಾನಿಲ್ ಯೆಲ್ಲೋವಿನ ಚುಕ್ಕೆಯನ್ನೂ ಅದೇ ಕಾಗದದಲ್ಲಿ, ಅದೇ ಗೆರೆಯ ಮೇಲೆ ಇಡಬೇಕು. ಎರಡೂ ಸಮವಾಗಿ ಓಡದಿದ್ದರೆ ಅವು ಬೇರೆ ಬೇರೆ. ಸಮವಾಗಿ ಓಡಿದರೆ ಬೇರೊಂದು ದ್ರಾವಕದಲ್ಲಿ ಮತ್ತೊಮ್ಮೆ ಓಡಿಸಿ ನೋಡಬೇಕು, ಏಕೆಂದರೆ ಎರಡು ಬಣ್ಣಗಳಿಗೆ ಒಂದೇ ಅಂಕ ಇರಲೂಬಹುದು. ಉಣ್ಣುವವರ ಆರೋಗ್ಯ, ಮಾರುವವರ ಮಾನ ಎರಡೂ ಈ ಪುಟ್ಟ ಭಾಗಾಕಾರವನ್ನು ನೆಚ್ಚಿಕೊಂಡಿರುವಾಗ, ಇನ್ನೊಂದು ಪಟ್ಟಿಯ ಖರ್ಚು ಹೆಚ್ಚಿನದಲ್ಲ.