ಹಿರಿಯರ ಬಡಾವಣೆಗೆ ಮುನ್ನ ನೀರಿನ ಹಾದಿ



ಶಿಕಾರಿಪುರ, ಸೊರಬ ಸೀಮೆಯ ಕೆರೆಗಳು ಸರಣಿಯಲ್ಲಿವೆ. ಮೇಲಿನ ಕೆರೆಯ ಕೋಡಿನೀರೇ ಕೆಳಗಿನ ಕೆರೆಯ ಒಳಹರಿವು. ಕಾಕುತ್ಸ್ಥವರ್ಮನು ಕಟ್ಟಿಸಿದ ಕೆರೆಯನ್ನು ತಾಳಗುಂದದ ಸ್ತಂಭಶಾಸನ ದಾಖಲಿಸಿದೆ; ಇಲ್ಲಿನ ಕೆರೆಯ ಪರಂಪರೆ ಅಷ್ಟು ಹಳೆಯದು.

2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಪ್ರಕರಣಗಳು ರದ್ದಾದವು. ಕೃಷಿಕರಲ್ಲದವರೂ ಗದ್ದೆ ಕೊಳ್ಳಬಹುದಾದ ಮೇಲೆ, ನಿವೃತ್ತರ ವಸತಿ ಬಡಾವಣೆಯ ಪ್ರಸ್ತಾವ ಯಾವ ಪಂಚಾಯಿತಿಯ ಮುಂದೆಯೂ ಬರಬಹುದು. ಭೂಪರಿವರ್ತನೆಯಾದ ಮಾತ್ರಕ್ಕೆ ಎಲ್ಲವೂ ಮುಗಿಯದು. 1993ರ ಪಂಚಾಯತ್ ರಾಜ್ ಕಾಯ್ದೆಯ 64ನೆಯ ಪ್ರಕರಣದಂತೆ ಕಟ್ಟಡಕ್ಕೆ ಗ್ರಾಮ ಪಂಚಾಯಿತಿಯ ಲಿಖಿತ ಅನುಮತಿ ಬೇಕು.

‘ವೃದ್ಧರಿಗಾಗಿ’ ಎಂಬ ಮಾತು ಪರಿಶೀಲನೆಯನ್ನು ಸಡಿಲಿಸಬಾರದು. 2007ರ ಹಿರಿಯ ನಾಗರಿಕರ ಕಾಯ್ದೆಯ 19ನೆಯ ಪ್ರಕರಣ ಹೇಳುವುದು ಜಿಲ್ಲೆಗೆ ಕನಿಷ್ಠ 150 ನಿರ್ಗತಿಕ ವೃದ್ಧರ ಆಶ್ರಯವನ್ನು. ಹಣವುಳ್ಳವರು ಕೊಳ್ಳುವ ಮನೆಗಳು ಬೇರೆಯೇ.

ಕೋಡಿನೀರಿನ ಹಾದಿ ಯಾವುದು, ಕೊಳವೆಬಾವಿ ಎಷ್ಟು, ಬಚ್ಚಲುನೀರು ಎಲ್ಲಿಗೆ ಎಂಬುದನ್ನು ಸದಸ್ಯರು ಮಳೆಗಾಲದಲ್ಲಿ ಸ್ಥಳಕ್ಕೇ ಹೋಗಿ ನೋಡಬೇಕು. ಬೇಸಿಗೆಯಲ್ಲಿ ಒಣಗಿದ ಕಾಲುವೆ ಖಾಲಿ ನಿವೇಶನದಂತೆ ಕಾಣುತ್ತದೆ. ಆ ಕಾಲುವೆಯ ತುದಿಯ ಗದ್ದೆಯನ್ನೇ ನಂಬಿ ಬದುಕಿರುವ ಅಜ್ಜ ಅಜ್ಜಿಯರೂ ಹಿರಿಯ ನಾಗರಿಕರೇ. ಅವರ ಮಾತನ್ನು ಗ್ರಾಮಸಭೆ ಮೊದಲು ಕೇಳಲಿ.